ಬಾರ್ಸಿಲೋನಾದ ಸೋಫಾ, ಬರ್ಲಿನ್‌ನ ಪೊಟ್ಟಣ: ಎರಡು ಬಗೆಯ ಗಾಂಜಾ ಸಂಘಗಳು

ಬರ್ಲಿನ್‌ಗೆ ಬಂದು ಒಂಬತ್ತು ವರ್ಷವಾಯಿತು. ಬಾರ್ಸಿಲೋನಾದ ಎರಡು ಗಾಂಜಾ ಸಂಘಗಳಿಗೆ, ಅಂದರೆ ಸದಸ್ಯರಿಗಷ್ಟೇ ಗಾಂಜಾ ಕೊಡುವ ಕೂಟಗಳಿಗೆ, ಹೋಗಿ ಬಂದಿದ್ದೇನೆ. ಇಲ್ಲಿ ಗೆಳೆಯರೊಂದಿಗೆ ಸೇರಿ ಒಂದು ಸಂಘ ಕಟ್ಟಿ, ಅದರ ಸದಸ್ಯನೂ ಆಗಿದ್ದೇನೆ. ಊರಿನಿಂದ ಬಂದವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಹೆಸರಿನಲ್ಲಿ ಎರಡೂ ಸಂಘಗಳೇ, ಆದರೆ ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲ.

ಬಾರ್ಸಿಲೋನಾದ್ದು ಹೀಗೆ. ಫಲಕವಿಲ್ಲದ ಬಾಗಿಲು, ಒಂದು ಕರೆಗಂಟೆ. ಒಳಗಿನ ಸದಸ್ಯರೊಬ್ಬರು ನಮ್ಮ ಹೆಸರು ಹೇಳಿರಬೇಕು. ಪಾಸ್‌ಪೋರ್ಟ್ ತೋರಿಸಿ, ನಿಯಮಗಳ ಕೆಳಗೆ ಸಹಿ ಹಾಕಿ, ವಾರ್ಷಿಕ ಶುಲ್ಕ ಕೊಟ್ಟರೆ ಕಾರ್ಡು ಸಿಗುತ್ತದೆ. ಎರಡನೆಯ ಬಾಗಿಲು ದಾಟಿದರೆ ಹಳೆಯ ಸೋಫಾಗಳು, ಚದುರಂಗದ ಮಣೆ, ಮೂಲೆಯಲ್ಲಿ ಕಾಫಿ. ಆ ಸಂಜೆ ನನ್ನೆದುರು ಕುಳಿತಿದ್ದ ನಿವೃತ್ತ ಬಡಗಿಯೊಬ್ಬರು ಮೂರು ಆಟ ಗೆದ್ದರು. ನನ್ನ ಹರಕು ಸ್ಪ್ಯಾನಿಷ್ ಅವರಿಗೆ ಅಡ್ಡಿಯಾಗಲೇ ಇಲ್ಲ. ಅಂಥ ನೆಮ್ಮದಿಯ ಜಾಗವನ್ನು ನಾನು ಯುರೋಪಿನಲ್ಲಿ ಬೇರೆಲ್ಲೂ ಕಂಡಿಲ್ಲ.

ಆದರೆ ಗಾಜಿನ ಭರಣಿಗಳ ಮೇಲೆ ತಳಿಯ ಹೆಸರು ಬಿಟ್ಟು ಬೇರೇನೂ ಇರಲಿಲ್ಲ. ಅಮಲೇರಿಸುವ ಅಂಶವಾದ ಟಿಎಚ್‌ಸಿ ಎಷ್ಟಿದೆ ಎಂದು ಕೇಳಿದೆ. ಹುಡುಗ ತೂಕ ಮಾಡುತ್ತಲೇ "ಜೋರಾಗಿದೆ" ಎಂದ. ಅಷ್ಟೇ ಉತ್ತರ. ಯಾವಾಗ ಕೊಯ್ದದ್ದು, ಯಾರು ಬೆಳೆದದ್ದು ಎಂಬುದು ಅವನಿಗೂ ಗೊತ್ತಿರಲಿಲ್ಲ. ಹೊರಡುವಾಗ ಬಾಗಿಲ ಬಳಿಯಿದ್ದವರು ಪೊಟ್ಟಣವನ್ನು ಚೀಲದ ತಳಕ್ಕೆ ಹಾಕಿಕೊಳ್ಳಲು ಹೇಳಿದರು. ಸ್ಪೇನಿನಲ್ಲಿ ಖಾಸಗಿಯಾಗಿ ಸೇದುವುದು ಅಪರಾಧವಲ್ಲ, ಆದರೆ ಬೀದಿಯಲ್ಲಿ ಸಿಕ್ಕಿಬಿದ್ದರೆ 2015ರ ಕಾನೂನಿನಂತೆ ದಂಡ 601 ಯೂರೋಗಳಿಂದ ಶುರು. ಸಂಘಗಳಿಗೂ ಗಟ್ಟಿ ನೆಲೆಯಿಲ್ಲ. ಕ್ಯಾಟಲೋನಿಯಾದ ಸಂಸತ್ತು 2017ರಲ್ಲಿ ಅವುಗಳಿಗಾಗಿ ಕಾನೂನು ಮಾಡಿತು, ಮರುವರ್ಷವೇ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದು ಮಾಡಿತು. ನಡೆಸುವವರ ನೆತ್ತಿಯ ಮೇಲೆ ತೂಗುಕತ್ತಿ ಇದ್ದೇ ಇದೆ. ಇನ್ನೊಂದು ಮಾತು: ರಾಂಬ್ಲಾ ಬೀದಿಯಲ್ಲಿ ಕೈಹಿಡಿದು ಕರೆಯುವವರ ಹಿಂದೆ ಹೋಗಬೇಡಿ. ಮೊದಲ ಸಲ ನಾನು ಹಾಗೆ ಹೋಗಿ, ಆಹ್ವಾನಪತ್ರದ ಹೆಸರಿನಲ್ಲಿ 20 ಯೂರೋ ಕಳೆದುಕೊಂಡೆ. ಸದಸ್ಯರ ಮೂಲಕ ಹೋಗುವುದೊಂದೇ ಸರಿಯಾದ ದಾರಿ.

ಜರ್ಮನಿಯಲ್ಲಿ ಎಲ್ಲವೂ ಕಾಗದದ ಮೇಲೆ ಇದೆ. 2024ರ ಏಪ್ರಿಲ್ 1ರಂದು ಕಾನೂನು ಜಾರಿಗೆ ಬಂತು, ಸಂಘಗಳಿಗೆ ಅವಕಾಶ ಸಿಕ್ಕಿದ್ದು ಜುಲೈ 1ರಿಂದ. ನೋಂದಾಯಿತ ಸಂಘಕ್ಕೆ ಕನಿಷ್ಠ ಏಳು ಜನ ಬೇಕು, ನಾವು ಒಂಬತ್ತು ಮಂದಿ ಇದ್ದೆವು. ನಮ್ಮನ್ನು ಹೈರಾಣಾಗಿಸಿದ್ದು ಜಾಗ ಹುಡುಕುವ ಕೆಲಸ. ಶಾಲೆ, ಶಿಶುವಿಹಾರ, ಮಕ್ಕಳ ಆಟದ ಮೈದಾನದ ಬಾಗಿಲಿನಿಂದ 200 ಮೀಟರ್ ದೂರ ಇರಲೇಬೇಕು. ನಕ್ಷೆಯ ಮೇಲೆ ವೃತ್ತ ಎಳೆಯುತ್ತಾ ಹೋದರೆ ಬರ್ಲಿನ್‌ನಲ್ಲಿ ಏನು ಉಳಿಯುತ್ತದೆ? ಒಪ್ಪಂದದ ಹಂತಕ್ಕೆ ಬಂದಿದ್ದ ಎರಡು ಮಳಿಗೆಗಳು ಪುಟ್ಟ ಜಾರುಬಂಡೆಗಳಿಂದಾಗಿ ಕೈತಪ್ಪಿದವು. ಕಡೆಗೆ ನಗರದ ಅಂಚಿನಲ್ಲಿ ಒಂದು ಗೋದಾಮು ಸಿಕ್ಕಿತು. ಪದಾಧಿಕಾರಿಗಳ ನಡತೆ ಪ್ರಮಾಣಪತ್ರ, ಗಟ್ಟಿ ಬೀಗ, ತರಬೇತಿ ಪಡೆದ ವ್ಯಸನ ತಡೆ ಅಧಿಕಾರಿ, ಎಲ್ಲವೂ ಆಗಬೇಕು. ವ್ಯಸನ ತಡೆಯ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ. ದಿನವೂ ಸೇದುತ್ತಿದ್ದ ಹುಡುಗನೊಬ್ಬ ಆ ಅಧಿಕಾರಿಯೊಂದಿಗೆ ಮಾತನಾಡಿದ ಮೇಲೆ ಎರಡು ತಿಂಗಳು ತನ್ನ ಪಾಲು ಒಯ್ಯಲೇ ಇಲ್ಲ.

ಇಲ್ಲಿ ಪೊಟ್ಟಣದೊಂದಿಗೆ ಒಂದು ಚೀಟಿ ಬರುತ್ತದೆ: ತೂಕ, ತಳಿ, ಕೊಯ್ಲಿನ ದಿನಾಂಕ, ಎಂದಿನವರೆಗೆ ಬಳಸಬಹುದು, ಟಿಎಚ್‌ಸಿ ಮತ್ತು ಅಮಲೇರಿಸದ ಅಂಶವಾದ ಸಿಬಿಡಿ ಶೇಕಡಾ ಎಷ್ಟು. ದಿನಕ್ಕೆ 25 ಗ್ರಾಂ, ತಿಂಗಳಿಗೆ 50 ಗ್ರಾಂ ಮಿತಿ. 21 ತುಂಬದವರಿಗೆ ತಿಂಗಳಿಗೆ 30 ಗ್ರಾಂ, ಅದೂ ಶೇ. 10ಕ್ಕಿಂತ ಹೆಚ್ಚು ಟಿಎಚ್‌ಸಿ ಇರಬಾರದು. ಏನನ್ನು ಸೇದುತ್ತಿದ್ದೇನೆ ಎಂಬುದು ನನಗೆ ಗೊತ್ತಿರುವುದು ಇಲ್ಲಿ ಮಾತ್ರ. ಆದರೆ ಸಂಘದಲ್ಲಿ ಕುಳಿತು ಸೇದುವಂತಿಲ್ಲ. ಸಂಘ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೂ ಸೇದುವಂತಿಲ್ಲ, 100 ಮೀಟರ್ ಆಚೆ ನಡೆಯಬೇಕು. ಪೊಟ್ಟಣ ಪಡೆದವರು ಪಡಿತರ ಅಂಗಡಿಯಿಂದ ಹೊರಟಂತೆ ಹೊರಟುಬಿಡುತ್ತಾರೆ. ಕಾನೂನು ಮಾಡಿದವರು ಈ ಒಂದು ವಿಷಯದಲ್ಲಿ ಎಡವಿದ್ದಾರೆ ಎಂಬುದು ನನ್ನ ದೃಢ ಅಭಿಪ್ರಾಯ. ಒಬ್ಬಂಟಿಯಾಗಿ ಮನೆಯಲ್ಲಿ ಸೇದುವುದಕ್ಕಿಂತ ನಾಲ್ಕು ಜನರ ಕಣ್ಣೆದುರು ಸೇದುವುದು ಮೇಲು.

ಆಮ್‌ಸ್ಟರ್‌ಡ್ಯಾಮಿನ ಕಾಫಿಶಾಪ್ ಸಂಘವೇ ಅಲ್ಲ, ಅಂಗಡಿ. 18 ತುಂಬಿದವರು ಐದು ಗ್ರಾಂ ಕೊಳ್ಳಬಹುದು, ಯಾರ ಪರಿಚಯವೂ ಬೇಡ, ಯಾರ ಪರಿಚಯವೂ ಆಗುವುದಿಲ್ಲ.

ಭಾರತದಿಂದ ಪ್ರವಾಸಕ್ಕೆ ಬಂದವರಿಗೆ ಜರ್ಮನಿಯ ಸಂಘ ಸಿಗುವುದೇ ಇಲ್ಲ. ಇಲ್ಲಿ ಆರು ತಿಂಗಳಾದರೂ ವಾಸವಿದ್ದವರಿಗೆ ಮಾತ್ರ ಸದಸ್ಯತ್ವ. ಎಲ್ಲಿಂದಲೇ ಆಗಲಿ, ಊರಿಗೆ ಒಂದು ಚೂರನ್ನೂ ಒಯ್ಯಬೇಡಿ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ನಡೆಯುವುದು ಮಾದಕ ವಸ್ತುಗಳ ವಿರುದ್ಧದ 1985ರ ಎನ್‌ಡಿಪಿಎಸ್ ಕಾಯ್ದೆ.

ನನ್ನ ಆಯ್ಕೆ ಬರ್ಲಿನ್. ಚೀಟಿಗಾಗಿ ಮಾತ್ರವಲ್ಲ. ಸದಸ್ಯರು ಕೃಷಿಯಲ್ಲಿ ಕೈಯಾರೆ ದುಡಿಯಬೇಕು ಎಂಬ ನಿಯಮವಿದೆ. ಕಳೆದ ಕೊಯ್ಲಿನಲ್ಲಿ ಹನ್ನೊಂದು ಜನ ಉದ್ದ ಮೇಜಿನ ಸುತ್ತ ಕುಳಿತು, ಸಣ್ಣ ಕತ್ತರಿಗಳಿಂದ ಮೊಗ್ಗಿನ ಸುತ್ತಲಿನ ಎಲೆ ಸವರಿದೆವು. ಕೈಗವಸಿನ ತುದಿಗೆ ಕಪ್ಪು ಅಂಟು ಮೆತ್ತಿಕೊಳ್ಳುತ್ತಿತ್ತು, ಗಂಟೆಗೊಮ್ಮೆ ಕತ್ತರಿ ಒರೆಸಬೇಕಿತ್ತು. ನಮ್ಮ ಸಾಗರದ ಮನೆಯಲ್ಲಿ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯುತ್ತಿದ್ದ ರಾತ್ರಿಗಳಂತೆಯೇ ಮಾತು ಸಾಗಿತ್ತು: ಒಬ್ಬರ ಮಗಳ ಮದುವೆ, ಇನ್ನೊಬ್ಬರ ಮೊಣಕಾಲು ನೋವು. ಯಾರೂ ಸೇದಲಿಲ್ಲ, ಯಾರೂ ಬೇಗ ಎದ್ದು ಹೋಗಲೂ ಇಲ್ಲ.