ಟ್ಯಾಗ್ 3ರಲ್ಲೇ ಉಳಿದುಬಿಟ್ಟರೆ: ಬೇ ಏರಿಯಾ ಎಕ್ಸ್‌ಪ್ರೆಸ್ ಲೇನುಗಳಲ್ಲಿ ದುಡ್ಡು ಕಳೆದುಕೊಳ್ಳುವ ದಾರಿಗಳು

ಕ್ಯಾಲಿಫೋರ್ನಿಯಾದ ಬೇ ಏರಿಯಾ ಹೆದ್ದಾರಿಗಳ ಎಕ್ಸ್‌ಪ್ರೆಸ್ ಲೇನೆಂದರೆ ಒಂಟಿಯಾಗಿ ಹೋಗುವವರು ಟೋಲ್ ಕಟ್ಟಿ, ಸಾಕಷ್ಟು ಜನರನ್ನು ಕೂರಿಸಿಕೊಂಡವರು ಪುಕ್ಕಟೆ ಓಡಾಡುವ ಲೇನು. ಶುಕ್ರವಾರ ಸಂಜೆ, ಊರಿಂದ ಬಂದಿರುವ ಅಪ್ಪ-ಅಮ್ಮನನ್ನು ಕೂರಿಸಿಕೊಂಡು ಫ್ರೀಮಾಂಟಿನಿಂದ ಲಿವರ್‌ಮೋರ್ ದೇವಸ್ಥಾನಕ್ಕೆ ಹೊರಡುತ್ತಾರೆ. ಕನ್ನಡಿಯ ಹಿಂದಿರುವ, ಟೋಲ್ ಕಡಿತಕ್ಕೆ ಬಳಸುವ ಫಾಸ್‌ಟ್ರ್ಯಾಕ್ ಟ್ಯಾಗಿನಲ್ಲಿ, ಗಾಡಿಯಲ್ಲಿ ಎಷ್ಟು ಜನ ಎಂದು ಹೇಳುವ ಸ್ವಿಚ್ಚನ್ನು 3ಕ್ಕೆ ತಳ್ಳುತ್ತಾರೆ. 680, 580 ಎರಡೂ ಹೆದ್ದಾರಿಗಳಲ್ಲಿ ಕಾಸು ಬಿಚ್ಚದೆ ಸಲೀಸಾಗಿ ಹೋಗುತ್ತಾರೆ. ಶನಿವಾರ, ಭಾನುವಾರ ಟೋಲೇ ಇಲ್ಲ, ಟ್ಯಾಗಿನ ಕಡೆ ಯಾರ ಗಮನವೂ ಹೋಗುವುದಿಲ್ಲ. ಸೋಮವಾರ ಬೆಳಗ್ಗೆ ಒಬ್ಬರೇ 880ರಲ್ಲಿ ಮಿಲ್ಪಿಟಾಸ್ ಕಡೆ ಆಫೀಸಿಗೆ ಹೋಗುವಾಗ ಸ್ವಿಚ್ ಇನ್ನೂ 3ರಲ್ಲೇ ಇರುತ್ತದೆ. ಅದು ನೆನಪಾಗುವುದು ಹಿಂದೆ ಹೈವೇ ಪೆಟ್ರೋಲ್ ಗಾಡಿಯ ದೀಪ ಹತ್ತಿದ ಮೇಲೆ. ಕಾರ್‌ಪೂಲ್ (ಹಲವರು ಒಂದೇ ಕಾರಿನಲ್ಲಿ ಹೋಗುವುದು) ನಿಯಮದ ಉಲ್ಲಂಘನೆಗೆ ದಂಡ ಕನಿಷ್ಠ 490 ಡಾಲರ್. ಸ್ವಿಚ್ 1ರಲ್ಲಿದ್ದಿದ್ದರೆ ಆ ಹೊತ್ತಿನ ಟೋಲ್ ಕಟ್ಟಿ ಮುಗಿಯುತ್ತಿತ್ತು.

ಬೇ ಏರಿಯಾದಲ್ಲಿ ಕಾರು ಓಡಿಸುವ ಕನ್ನಡದವರಲ್ಲಿ ಈ ಕಥೆ ಕೇಳದವರು ಕಡಿಮೆ. "ಮರೆತುಹೋಯ್ತು" ಅಂದರೆ ಪೊಲೀಸರು ಕೇಳುವುದಿಲ್ಲ. ಕಾರಣ ಇಷ್ಟೇ: ಈ ಲೇನಿನಲ್ಲಿ ಟೋಲ್ ಲೆಕ್ಕ ಹಾಕುವ ಯಂತ್ರ ತಲೆ ಎಣಿಸುವುದಿಲ್ಲ, ಸ್ವಿಚ್ ಹೇಳಿದ್ದನ್ನು ನಂಬುತ್ತದೆ. 3 ಅಂತ ಇಟ್ಟರೆ "ನನ್ನ ಗಾಡಿಯಲ್ಲಿ ಮೂವರಿದ್ದಾರೆ" ಎಂದು ನೀವೇ ಬರೆದುಕೊಟ್ಟ ಹಾಗೆ. ಮೇಲಿನ ಕಮಾನಿನ ಕೆಳಗೆ ಗಾಡಿ ಹಾಯುವಾಗ ಸ್ವಿಚ್ ಎಷ್ಟರಲ್ಲಿದೆ ಎಂಬುದು ಪಕ್ಕದಲ್ಲಿ ನಿಂತ ಪೊಲೀಸರಿಗೆ ದೀಪದ ಮೂಲಕ ಗೊತ್ತಾಗುತ್ತದೆ. ಅವರು ಮಾಡುವುದು ಗಾಜಿನೊಳಗೆ ಇಣುಕಿ ತಲೆ ಎಣಿಸುವ ಕೆಲಸ ಮಾತ್ರ. ಕಾರ್ ಸೀಟಿನಲ್ಲಿರುವ ಹಸುಗೂಸೂ ಒಂದು ತಲೆಯೇ, ಲೆಕ್ಕಕ್ಕೆ ಸೇರುತ್ತದೆ. ನಾಯಿ ಸೇರುವುದಿಲ್ಲ.

ಹಾಗಾಗಿ ಸೀಟ್ ಬೆಲ್ಟ್ ಹಾಕಿದ ಕೈಯಲ್ಲೇ ಸ್ವಿಚ್ ನೋಡಿಬಿಡಿ. ಗಾಡಿ ಓಡುವಾಗ ಕೈ ಹಾಕಬೇಡಿ. ಗಂಡ-ಹೆಂಡತಿ ಒಂದೇ ಕಾರು ಹಂಚಿಕೊಳ್ಳುವ ಮನೆಗಳಲ್ಲಿ ಇಳಿಯುವವರು 1ಕ್ಕೆ ತಂದೇ ಇಳಿಯಬೇಕು ಎಂದು ಮಾತಾಡಿಕೊಂಡರೆ ಇನ್ನೂ ಒಳ್ಳೆಯದು. ತಪ್ಪುವುದಾದರೆ 1ರ ಕಡೆಗೇ ತಪ್ಪಲಿ, ಹೋದರೆ ಒಂದು ಟೋಲ್ ಹೋಗುತ್ತದೆ.

ಇನ್ನು "ಇಬ್ಬರಿದ್ದೇವೆ, ಫ್ರೀ" ಅನ್ನುವ ಲೆಕ್ಕ. 580ರಲ್ಲೂ ಸುನೋಲ್ ಕಡೆಯ 680ರಲ್ಲೂ ಓಡಾಡಿ ಅಭ್ಯಾಸವಾದವರು ಎಡವುವುದು ಇಲ್ಲೇ. ಅಲ್ಲಿ ಇಬ್ಬರಿದ್ದರೆ ಟೋಲ್ ಇಲ್ಲ ಎಂಬ ನಿಯಮದಲ್ಲೇ ಜನ ವರ್ಷಗಟ್ಟಲೆ ಓಡಾಡಿದ್ದಾರೆ. 880, 237 ಮತ್ತು 101ರ ಎಕ್ಸ್‌ಪ್ರೆಸ್ ಲೇನುಗಳಲ್ಲಿ ಉಚಿತ ಬೇಕಾದರೆ ಮೂವರು ಇರಬೇಕು, ಇಬ್ಬರಿಗೆ ಅರ್ಧ ಟೋಲ್. ಸಹೋದ್ಯೋಗಿಯನ್ನು ಕೂರಿಸಿಕೊಂಡು ಸ್ವಿಚ್ ಸರಿಯಾಗಿ 2ರಲ್ಲೇ ಇಟ್ಟು 880ರಲ್ಲಿ ದಿನಾ ಹೋಗಿಬಂದು, ತಿಂಗಳ ಕೊನೆಗೆ ಖಾತೆ ನೋಡಿ ಹೌಹಾರುವವರು ಇದ್ದಾರೆ. ಅದಕ್ಕಿಂತ ಕೆಟ್ಟದ್ದು, "ಕಾರ್‌ಪೂಲೇ ತಾನೆ" ಎಂದು ಇಬ್ಬರೇ ಇದ್ದು 3ಕ್ಕೆ ತಳ್ಳುವುದು. ಅದೂ ಉಲ್ಲಂಘನೆಯೇ. ನಿಯಮ ಬಾಯಿಪಾಠ ಮಾಡುವ ಬದಲು ಲೇನಿನ ಫಲಕ ಓದಿ. ಎಚ್‌ಒವಿ (ಹೆಚ್ಚು ಜನರಿರುವ ಗಾಡಿ) ಎಂಬ ಅಕ್ಷರಗಳ ಪಕ್ಕ 2+ ಇದೆಯೋ 3+ ಇದೆಯೋ, ಅದೇ ಅಲ್ಲಿಯ ಕಾನೂನು.

ಅದೇ ಫಲಕದಲ್ಲಿ ದರವೂ ಇರುತ್ತದೆ. ಲೇನಿನ ವೇಗ ಗಂಟೆಗೆ 45 ಮೈಲಿಗಿಂತ ಕೆಳಗಿಳಿಯಬಾರದು ಎಂಬುದು ಗುರಿ. ಅದಕ್ಕೇ ದಟ್ಟಣೆ ಏರಿದ ಹಾಗೆ ದರವೂ ಏರುತ್ತದೆ. ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತು ಎಂಬುದು ಇವತ್ತಿಗೆ ಉಪಯೋಗವಿಲ್ಲ. ಕಂಡ ದರ ಇಡೀ ಲೇನಿಗೆ ಎಂದುಕೊಳ್ಳಬೇಡಿ, ಅದು ಪಕ್ಕದಲ್ಲಿ ಬರೆದ ಜಾಗದವರೆಗೆ ಮಾತ್ರ. ಮುಂದಕ್ಕೆ ಹೋದರೆ ಇನ್ನೊಂದು ಸಾಲು. ದರದ ಜಾಗದಲ್ಲಿ "ಎಚ್‌ಒವಿ ಓನ್ಲಿ" ಅಂತ ಬಂದರೆ ಲೇನ್ ತುಂಬಿದೆ ಎಂದರ್ಥ. ಒಬ್ಬರೇ ಇದ್ದೀರಾ? ದುಡ್ಡು ಕೊಡುತ್ತೇನೆಂದರೂ ಆಗ ಒಳಗೆ ನುಗ್ಗುವ ಹಾಗಿಲ್ಲ. ದರ ನೋಡಿ ಗಾಬರಿಯಾಗಿ ಜೋಡಿ ಬಿಳಿ ಗೆರೆ ದಾಟಿ ಹೊರಗೆ ಬರುವುದೂ ತಪ್ಪು, ಅದಕ್ಕೂ ಟಿಕೆಟ್ ಬೀಳುತ್ತದೆ. ತುಂಡು ಗೆರೆ ಬರುವವರೆಗೆ ಕಾಯಿರಿ.

ಊರಿನ ಫಾಸ್ಟ್ಯಾಗ್ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಅಲ್ಲಿ ಟ್ಯಾಗ್ ಇಲ್ಲದಿದ್ದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ, ಹೆಚ್ಚಿಗೆ ಕಕ್ಕಿ ಬೈದುಕೊಂಡು ಮುಂದೆ ಹೋದರೆ ಅಲ್ಲಿಗೆ ಮುಗಿಯಿತು. ಇಲ್ಲಿ ಗೇಟೂ ಇಲ್ಲ, ನಿಲ್ಲಿಸುವವರೂ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳುತ್ತದೆ, ಕಾಗದ ಆಮೇಲೆ ಅಂಚೆಯಲ್ಲಿ ಬರುತ್ತದೆ. ಸೇತುವೆ ಟೋಲಿಗಾದರೆ ಮೊದಲು ಬರುವುದು ದಂಡವಿಲ್ಲದ ಬಿಲ್ಲು. ಎಕ್ಸ್‌ಪ್ರೆಸ್ ಲೇನಿಗೆ ಆ ಸೌಜನ್ಯವಿಲ್ಲ, ಟ್ಯಾಗ್ ಇಲ್ಲದೆ ನುಗ್ಗಿದರೆ ನೇರ ಉಲ್ಲಂಘನೆ ನೋಟಿಸೇ. ಅದು ಹೋಗುವುದು ಡಿಎಂವಿಯಲ್ಲಿ, ಅಂದರೆ ವಾಹನ ನೋಂದಣಿ ಇಲಾಖೆಯಲ್ಲಿ, ಇರುವ ವಿಳಾಸಕ್ಕೆ. ಅಪಾರ್ಟ್‌ಮೆಂಟ್ ಬದಲಿಸಿ ಡಿಎಂವಿಗೆ ತಿಳಿಸದವರ ನೋಟಿಸು ಹಳೇ ಮನೆಯ ಅಂಚೆಪೆಟ್ಟಿಗೆಯಲ್ಲಿ ಕೊಳೆಯುತ್ತದೆ, ದಂಡ ಬೆಳೆಯುತ್ತದೆ. ಕೊನೆಗೆ ಕಾರಿನ ನೋಂದಣಿ ನವೀಕರಣಕ್ಕೆ ಹೋದಾಗ ತಡೆ ಬಿದ್ದಿರುವುದು ತಿಳಿಯುತ್ತದೆ. ಮನೆ ಬದಲಿಸಿದ 10 ದಿನದೊಳಗೆ ಡಿಎಂವಿಗೆ ವಿಳಾಸ ತಿಳಿಸಬೇಕೆಂಬ ನಿಯಮ ಇರುವುದರಿಂದ ಅಲ್ಲಿ ಹೋಗಿ ವಾದ ಮಾಡಿ ಪ್ರಯೋಜನವಿಲ್ಲ.

ಟ್ಯಾಗ್ ಇದ್ದೂ ನೋಟಿಸ್ ಬರುವುದು ಹೇಗೆ? ಹೊಸ ಕಾರಿಗೆ ತಾತ್ಕಾಲಿಕ ಪ್ಲೇಟ್ ಹೋಗಿ ಕಾಯಂ ಪ್ಲೇಟ್ ಬಂದಿರುತ್ತದೆ, ಖಾತೆಯಲ್ಲಿ ಹಳೆಯದೇ ಇರುತ್ತದೆ. ಜೋಡಿಸಿದ ಕ್ರೆಡಿಟ್ ಕಾರ್ಡಿನ ಅವಧಿ ಮುಗಿದು ಖಾತೆ ಬರಿದಾಗಿರುತ್ತದೆ. ಅಂಗಡಿಯಲ್ಲಿ ಕೊಂಡ ಟ್ಯಾಗನ್ನು ನೋಂದಾಯಿಸದೆ ಗಾಜಿಗೆ ಅಂಟಿಸಿರುತ್ತಾರೆ. ಟ್ಯಾಗನ್ನು ಗ್ಲೋವ್ ಬಾಕ್ಸಿನಲ್ಲಿಟ್ಟು ಓಡಿಸುವವರೂ ಇದ್ದಾರೆ, ಅಲ್ಲಿಂದ ಅದನ್ನು ಯಂತ್ರ ಓದುತ್ತದೆಂಬ ಭರವಸೆ ಇಲ್ಲ. ಅದು ಕೂರಬೇಕಾದ್ದು ಕನ್ನಡಿಯ ಹಿಂದೆ, ಮುಂದಿನ ಗಾಜಿಗೆ, ಜೊತೆಗೆ ಕೊಟ್ಟ ಅಂಟುಪಟ್ಟಿಯಲ್ಲೇ. ಬಿಸಿಲು ತಡೆಯಲು ಲೋಹದ ಪದರ ಹಾಕಿದ ಗಾಜಾಗಿದ್ದರೆ ಸಂಕೇತ ಹಾಯಲು ಒಂದು ಖಾಲಿ ತುಂಡು ಬಿಟ್ಟಿರುತ್ತಾರೆ. ಅದು ಎಲ್ಲಿ ಎಂದು ಕಾರಿನ ಕೈಪಿಡಿಯಲ್ಲಿ ನೋಡಿ.

ಸ್ವಿಚ್ ಇಲ್ಲದ ಹಳೇ ಟ್ಯಾಗ್ ಇಟ್ಟುಕೊಂಡಿರುವವರಿಗೆ ಒಂದು ಮಾತು: ಕಾರಿನ ತುಂಬ ಜನರಿದ್ದರೂ ಅದು ನಿಮ್ಮನ್ನು ಒಂಟಿ ಎಂದೇ ಲೆಕ್ಕ ಹಾಕುತ್ತದೆ, ಪೂರ್ತಿ ಟೋಲ್ ಕೀಳುತ್ತದೆ. ಸ್ವಿಚ್ ಇರುವ ಟ್ಯಾಗನ್ನು ಫ್ಲೆಕ್ಸ್ ಎಂದು ಕೇಳಿ ತೆಗೆದುಕೊಳ್ಳಿ. ಬಾಡಿಗೆ ಕಾರಿಗೆ ನಿಮ್ಮ ಟ್ಯಾಗ್ ಒಯ್ಯುವಾಗ ಆ ಪ್ಲೇಟನ್ನು ಆ ದಿನಗಳ ಮಟ್ಟಿಗೆ ಖಾತೆಗೆ ಸೇರಿಸಿ, ವಾಪಸು ಕೊಟ್ಟ ದಿನವೇ ತೆಗೆಯಿರಿ. ತೆಗೆಯದಿದ್ದರೆ ಮುಂದಿನ ಬಾಡಿಗೆದಾರನ ಟೋಲ್ ನಿಮ್ಮ ತಲೆಗೆ.

ಸಮಯದಲ್ಲೂ ಒಂದು ಬಲೆ ಇದೆ. ಬೇ ಏರಿಯಾದ ಈ ಲೇನುಗಳಿಗೆ ಟೋಲ್ ಇರುವುದು ಸೋಮವಾರದಿಂದ ಶುಕ್ರವಾರ, ಬೆಳಗ್ಗೆ 5ರಿಂದ ರಾತ್ರಿ 8. ಆಮೇಲೆ ಯಾರು ಬೇಕಾದರೂ ಹೋಗಬಹುದು. ಇದೇ ಧೈರ್ಯದಲ್ಲಿ ಲಾಸ್ ಏಂಜಲಿಸ್‌ಗೆ ಹೋದವರು ರಾತ್ರಿ ಹತ್ತಕ್ಕೆ 110ರ ಎಕ್ಸ್‌ಪ್ರೆಸ್ ಲೇನಿಗೆ ಹೊಕ್ಕು ಸಿಕ್ಕಿಕೊಳ್ಳುತ್ತಾರೆ. ಅಲ್ಲಿ ದಿನದ 24 ಗಂಟೆ, ವಾರದ ಏಳೂ ದಿನ ಟೋಲ್. ಆರೆಂಜ್ ಕೌಂಟಿಯ 405ರಲ್ಲೂ ಹಾಗೆಯೇ. ಟ್ಯಾಗ್ ರಾಜ್ಯದುದ್ದಕ್ಕೂ ಒಂದೇ, ನಿಯಮ ಒಂದೇ ಅಲ್ಲ.

ಎಲೆಕ್ಟ್ರಿಕ್ ಕಾರಿನವರೇ, ಬಂಪರಿನ ಸ್ಟಿಕ್ಕರ್ ನಂಬಿ ಕೂರಬೇಡಿ. ಒಬ್ಬರೇ ಇದ್ದರೂ ಕಾರ್‌ಪೂಲ್ ಲೇನಿಗೆ ಬಿಡುತ್ತಿದ್ದ ಆ ಕಾರ್ಯಕ್ರಮ 2025ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ಟಿಕೆಟ್ ಕೊಡದೆ ಬಿಡುವ 60 ದಿನಗಳ ರಿಯಾಯಿತಿಯೂ ಕಳೆದಿದೆ. ಸ್ಟಿಕ್ಕರ್ ಎಷ್ಟೇ ಹೊಸದಾಗಿದ್ದರೂ ಈಗ ಅದು ಬರೀ ಅಲಂಕಾರ.

ಕೊನೆಯದು ರಸ್ತೆಯದಲ್ಲ, ಫೋನಿನದು. "ನಿಮ್ಮ ಟೋಲ್ ಬಾಕಿ 12.51 ಡಾಲರ್, ಕಟ್ಟದಿದ್ದರೆ 50 ಡಾಲರ್ ತಡ ಶುಲ್ಕ" ಎಂಬಂಥ ಸಂದೇಶಗಳ ಬಗ್ಗೆ ಎಫ್‌ಬಿಐ 2024ರ ಏಪ್ರಿಲ್‌ನಲ್ಲೇ ಎಚ್ಚರಿಸಿತ್ತು. ಇವತ್ತಿಗೂ ಮೊತ್ತ ಬದಲಿಸಿ ಕಳಿಸುತ್ತಲೇ ಇದ್ದಾರೆ. ನಿನ್ನೆ ತಾನೆ 880ರಲ್ಲಿ ಹೋಗಿ ಬಂದವರಿಗೆ ಇದು ನಿಜವೆಂದೇ ಅನಿಸುತ್ತದೆ, ಹನ್ನೆರಡು ಡಾಲರಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎಂದು ಲಿಂಕ್ ಒತ್ತಿ ಕಾರ್ಡ್ ನಂಬರ್ ಕೊಟ್ಟುಬಿಡುತ್ತಾರೆ. ಕಳ್ಳರಿಗೆ ಬೇಕಾದ್ದು ಆ ಹನ್ನೆರಡು ಡಾಲರಲ್ಲ, ಕಾರ್ಡ್. ಲಿಂಕ್ ಮುಟ್ಟಬೇಡಿ. ಸಂದೇಶವನ್ನು ಸ್ಪ್ಯಾಮ್ ದೂರಿನ ಸಂಖ್ಯೆ 7726ಕ್ಕೆ ಫಾರ್ವರ್ಡ್ ಮಾಡಿ ಅಳಿಸಿ. ಬಾಕಿ ನಿಜವಾಗಿಯೂ ಇದೆಯೇ ಎಂದು ನೋಡಲು ಬ್ರೌಸರಿನಲ್ಲಿ ನೀವೇ ಫಾಸ್‌ಟ್ರ್ಯಾಕ್ ಜಾಲತಾಣದ ವಿಳಾಸ ಟೈಪ್ ಮಾಡಿ ಖಾತೆಗೆ ಹೋಗಿ. ಈಗಾಗಲೇ ಕಾರ್ಡ್ ನಂಬರ್ ಕೊಟ್ಟಾಗಿದ್ದರೆ ಮೊದಲ ಫೋನು ಬ್ಯಾಂಕಿಗೆ, ಕಾರ್ಡ್ ನಿಲ್ಲಿಸಿ ಅಂತ.