ಹಾಡುತ್ತಿದೆ ಎಂದು ನಂಬಬೇಡಿ: ಹಳೆಯ ವಾಲ್ವ್ ರೇಡಿಯೋ ಕೆಡಿಸುವ ಒಂದು ಕೆಪಾಸಿಟರ್

ದಶಕಗಳಿಂದ ಅಟ್ಟದಲ್ಲಿದ್ದ ವಾಲ್ವ್ ರೇಡಿಯೋ. ಧೂಳು ಒರೆಸಿ ನೇರ ಪ್ಲಗ್‌ಗೆ ಹಾಕಲಾಯಿತು. ಅರ್ಧ ನಿಮಿಷದಲ್ಲಿ ಹಾಡಿತು. 20 ನಿಮಿಷ ಕಳೆಯುವಷ್ಟರಲ್ಲಿ ಧ್ವನಿ ಒಡೆಯಿತು, ಸ್ಪೀಕರನ್ನು ನಡೆಸುವ ಔಟ್‌ಪುಟ್ ವಾಲ್ವ್ ಇಎಲ್ 84ರ ಪ್ಲೇಟು ಕೆಂಪಗೆ ಕಾಯಿತು, ಸುಟ್ಟ ವಾಸನೆ ಬಂತು, ಆಮೇಲೆ ಸದ್ದೇ ಇಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಸುರುಳಿ ಕಡಿದಿತ್ತು. ವಾಲ್ವ್ ಹೇಗೋ ಸಿಕ್ಕೀತು. ಈ ವಾಲ್ವಿಗೆ ಬೇಕಾದ 5,000 ಓಮ್ ಲೋಡಿನ ಆಸುಪಾಸಿಗೆ ಹೊಂದುವ, ಅದೇ ಜಾಗದಲ್ಲಿ ಕೂರುವ ಟ್ರಾನ್ಸ್‌ಫಾರ್ಮರ್ ಸುಲಭಕ್ಕೆ ಸಿಗುವುದಿಲ್ಲ.

ಇಷ್ಟಕ್ಕೂ ಕಾರಣ 0.01 ಮೈಕ್ರೋಫ್ಯಾರಡ್‌ನ ಒಂದು ಪೇಪರ್ ಕೆಪಾಸಿಟರ್. ಹಿಂದಿನ ಹಂತದ ಟ್ರಯೋಡ್ ವಾಲ್ವಿನ ಪ್ಲೇಟಿನಿಂದ ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ (ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ) ಧ್ವನಿಯನ್ನಷ್ಟೇ ಬಿಟ್ಟು ಡಿಸಿಯನ್ನು ತಡೆಯುವುದು ಅದರ ಕೆಲಸ. ಒಳಗಿನ ಕಾಗದ ತೇವ ಹೀರಿದರೆ ಡಿಸಿ ಸೋರುತ್ತದೆ, ಗ್ರಿಡ್ ಪಾಸಿಟಿವ್ ಆಗುತ್ತದೆ, ವಾಲ್ವ್ ಮಿತಿಮೀರಿ ಕರೆಂಟ್ ಎಳೆಯುತ್ತದೆ. ಮಲ್ಟಿಮೀಟರಿನ ಓಮ್ಸ್ ರೇಂಜಿನಲ್ಲಿ ಇದು ಕಾಣದೆ ಹೋಗಬಹುದು: ಮೀಟರ್ ಕೊಡುವುದು ಕೆಲವೇ ವೋಲ್ಟ್, ಸೆಟ್ಟಿನಲ್ಲಿ ಅದರ ಮೇಲೆ ಬೀಳುವುದು ಅದರ ಎಷ್ಟೋ ಪಟ್ಟು. ಮೇನ್ಸ್ ವೋಲ್ಟೇಜನ್ನು ಹೆಚ್ಚುಕಡಿಮೆ ಮಾಡುವ ವೇರಿಯಾಕ್‌ನಲ್ಲಿ ನಿಧಾನ ಏರಿಸಿದರೂ ಕೆಟ್ಟ ಕಾಗದ ಸರಿಹೋಗದು.

ಆದ್ದರಿಂದ ಪವರ್ ಕೊಡುವ ಮೊದಲೇ ಅದನ್ನು 630 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರಿಗೆ ಬದಲಾಯಿಸಿ. ಮೂಲ ರೂಪ ಉಳಿಯಬೇಕೆಂಬ ಆಸೆ ನ್ಯಾಯವಾದದ್ದೇ. ಹಳೆಯ ಕೆಪಾಸಿಟರಿನ ಕೊಳವೆಯನ್ನು ಟೊಳ್ಳು ಮಾಡಿ ಹೊಸದನ್ನು ಒಳಗೆ ಕೂರಿಸಬಹುದು. ಡಿಸಿಯನ್ನು ಸಮ ಮಾಡುವ ಫಿಲ್ಟರ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೂ 450 ವೋಲ್ಟಿನವಕ್ಕೆ ಬದಲಾಯಿಸಿ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಇಝಡ್ 80 ಆಗಿದ್ದರೆ ಅದರ ನಂತರದ ಮೊದಲ ಫಿಲ್ಟರ್ ಕೆಪಾಸಿಟರ್ 50 ಮೈಕ್ರೋಫ್ಯಾರಡ್ ಮೀರಕೂಡದು.

ಮೊದಲ ಸಲ ಆನ್ ಮಾಡುವಾಗ ಮೇನ್ಸ್ ತಂತಿಗೆ ಸೀರೀಸ್‌ನಲ್ಲಿ 60 ವಾಟ್‌ನ ತಂತಿ ಬಲ್ಬ್ ಇರಲಿ, ಎಲ್‌ಇಡಿ ನಡೆಯುವುದಿಲ್ಲ. ಕ್ಷಣ ಹೊಳೆದು ಮಂಕಾದರೆ ಸರಿ. ಪ್ರಖರವಾಗಿಯೇ ಉರಿದರೆ ತಕ್ಷಣ ಆಫ್ ಮಾಡಿ.

ಯುಎಲ್ 84, ಯುಸಿಎಚ್ 81 ಥರ 'ಯು' ಅಕ್ಷರದ ವಾಲ್ವುಗಳಿದ್ದರೆ ಷಾಸಿಯೇ (ಒಳಗಿನ ಲೋಹದ ಚೌಕಟ್ಟು) ಮೇನ್ಸ್‌ನ ಒಂದು ತಂತಿಗೆ ಸೇರಿರುವುದು ಸಾಮಾನ್ಯ. ಮುಟ್ಟಿದರೆ ಜೀವಕ್ಕೆ ಅಪಾಯ, ಬಲ್ಬ್ ಅದನ್ನು ತಡೆಯುವುದಿಲ್ಲ. ಸೆಟ್ಟನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೈಹಾಕಬೇಡಿ. ಆಫ್ ಮಾಡಿದ ಮೇಲೂ ಫಿಲ್ಟರಿನ ಚಾರ್ಜನ್ನು 2.2 ಕಿಲೋ ಓಮ್, 5 ವಾಟ್ ರೆಸಿಸ್ಟರಿನಿಂದ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿ.

ಸೆಟ್ ಬಿಸಿಯಾದ ಮೇಲೆ ಷಾಸಿಯಿಂದ ಇಎಲ್ 84ರ 2ನೇ ಪಿನ್ನಿಗೆ, ಅಂದರೆ ಗ್ರಿಡ್‌ಗೆ, ಡಿಸಿ ಅಳೆಯಿರಿ. ಕ್ಯಾಥೋಡ್ ಬಯಾಸ್ (ಕ್ಯಾಥೋಡಿನ ರೆಸಿಸ್ಟರಿನಿಂದಲೇ ವಾಲ್ವಿನ ಕರೆಂಟ್ ಹದದಲ್ಲಿಡುವ ಕ್ರಮ) ಇರುವ ಸೆಟ್ಟಿನಲ್ಲಿ ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ಪಾಸಿಟಿವ್ ಬಂದರೂ ಆಫ್ ಮಾಡಿ, ಚಾರ್ಜ್ ಇಳಿಸಿ, ಕೆಪಾಸಿಟರಿನ ಗ್ರಿಡ್ ತುದಿ ಬಿಚ್ಚಿ, ಮತ್ತೆ ಆನ್ ಮಾಡಿ ಅಳೆಯಿರಿ. ಆಗಲೂ ಪಾಸಿಟಿವ್ ಇದ್ದರೆ ಕೆಟ್ಟಿರುವುದು ಹೆಚ್ಚಾಗಿ ವಾಲ್ವೇ.