ಸೋಡಾ ಉಲ್ಟಾ ಹರಿಯದಿರಲು ಎಲ್ಲಿ ವಾಲ್ವ್ ಹಾಕಬೇಕು?

ಬಿಯರ್ ಮಾಡುವವರು ಬಳಸುವ 19 ಲೀಟರ್ ಕೆಗ್ಗಿನಲ್ಲೇ, ಅಂದರೆ ಒತ್ತಡ ತಡೆಯುವ ಸ್ಟೀಲ್ ಕ್ಯಾನಿನಲ್ಲೇ, ನಾನು ಶುಂಠಿ ನಿಂಬೆ ಸೋಡಾ ಮಾಡುತ್ತೇನೆ. ಸಿಲಿಂಡರಿನ ಗ್ಯಾಸ್, ಒತ್ತಡ ಹದ ಮಾಡುವ ರೆಗ್ಯುಲೇಟರ್ ದಾಟಿ, ಪೈಪಿನಲ್ಲಿ ಕೆಗ್ಗಿಗೆ ಬರುತ್ತದೆ. ದಾವಣಗೆರೆಯ ಬೇಸಿಗೆಯಲ್ಲಿ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಜೊತೆ ಇದಿದ್ದರೆ ಬೇರೇನೂ ಬೇಡ.

ಹೋದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಫ್ರಿಜ್ ಪೂರ್ತಿ ಬೆಚ್ಚಗಾಯಿತು. ಸೋಡಾ ಬೆಚ್ಚಗಾದರೆ ಅದರಲ್ಲಿ ಕರಗಿದ ಗ್ಯಾಸ್ ಹೊರಬಂದು ಕೆಗ್ಗಿನ ಒತ್ತಡ ಏರುತ್ತದೆ. ನಾನು ಬೇರೆ ಕಂಠಮಟ್ಟ ತುಂಬಿಸಿದ್ದೆ. ಗ್ಯಾಸ್ ಬರುವ ಗಿಡ್ಡ ನಳಿಕೆ ಸೋಡಾದಲ್ಲಿ ಮುಳುಗಿತ್ತು. ಸಂಜೆ ನೋಡಿದರೆ ಪೈಪಿನಲ್ಲಿ ಹಳದಿ ಪಾಕ. ರೆಗ್ಯುಲೇಟರ್ ಬಿಚ್ಚಿಸಿದಾಗ ಒಳಗಿನ ರಬ್ಬರ್ ಪರದೆ ಬೆಲ್ಲದಚ್ಚಿನ ಹಾಗೆ ಅಂಟಂಟಾಗಿತ್ತು. ತುಂಬಾ ಬೇಜಾರಾಯಿತು.

ಮೊದಲು ರೆಗ್ಯುಲೇಟರನ್ನು ಕೆಗ್ಗಿಗಿಂತ ನಾಲ್ಕಡಿ ಮೇಲೆ, ಗೋಡೆಗೆ ಹಾಕಿದೆ. ಖರ್ಚಿಲ್ಲ, ಆದರೆ ಉಪಯೋಗವೂ ಕಮ್ಮಿ. ಒಂದು ಪಿಎಸ್‌ಐ ಒತ್ತಡವೇ ನೀರನ್ನು ಸುಮಾರು 70 ಸೆಂಟಿಮೀಟರ್ ಮೇಲೆ ತಳ್ಳುತ್ತದೆ. ಸೋಡಾಕ್ಕೆ ನಾನು ಇಡುವುದು 30 ಪಿಎಸ್‌ಐ.

ಆಮೇಲೆ ರೆಗ್ಯುಲೇಟರ್ ಬಾಯಿಗೇ ಸ್ಪ್ರಿಂಗ್ ಇರುವ ಹಿತ್ತಾಳೆ ಒನ್‌ವೇ ವಾಲ್ವ್ ಹಾಕಿಸಿದೆ. ಬೇಕೆಂದೇ ರೆಗ್ಯುಲೇಟರ್, ಪೈಪ್ ಎರಡೂ 10 ಪಿಎಸ್‌ಐಯಲ್ಲಿಟ್ಟು, 30ರ ಕೆಗ್ ಓರೆ ಮಾಡಿ ಪೈಪ್ ಸಿಕ್ಕಿಸಿ ನೋಡಿದೆ. ರೆಗ್ಯುಲೇಟರಿಗೆ ಏನೂ ಆಗಲಿಲ್ಲ. ಆದರೆ ಪೈಪಿನೊಳಗಿನ ಗ್ಯಾಸ್ ಒತ್ತಿಕೊಂಡು, ಹತ್ತಿರ ಅರ್ಧ ಪೈಪ್ ಸೋಡಾ ತುಂಬಿತು. ಅದನ್ನು ತೊಳೆಯೋದು ದೊಡ್ಡ ಕೆಲಸ.

ಮೂರನೆಯದು ನನಗೆ ಇಷ್ಟವಾದದ್ದು: ಕೆಗ್ಗಿನ ಹತ್ತಿರವೇ, ಪಾರದರ್ಶಕ ಪೈಪಿನ ನಡುವೆ, ಬಾತುಕೋಳಿ ಕೊಕ್ಕಿನಂಥ ರಬ್ಬರ್ ತುಟಿ ಇರುವ ಸಣ್ಣ ಪ್ಲಾಸ್ಟಿಕ್ ವಾಲ್ವ್. ಅದೇ ಪರೀಕ್ಷೆಯಲ್ಲಿ ಸೋಡಾ ಒಂದು ಗೇಣು ಬಂದು ಅಲ್ಲೇ ನಿಂತಿತು, ಕಣ್ಣಿಗೂ ಕಂಡಿತು. ಕೊರತೆ ಒಂದೇ. ಸಕ್ಕರೆ ಒಣಗಿದರೆ ತುಟಿ ಅಂಟಿಕೊಂಡು ಗ್ಯಾಸ್ ಸರಿಯಾಗಿ ಹೋಗಲ್ಲ. ಪ್ರತಿ ಕೆಗ್ ಮುಗಿದ ಮೇಲೆ ಬಿಸಿನೀರಲ್ಲಿ ನೆನೆಸಿ, ಎರಡೂ ಕಡೆಯಿಂದ ಊದಿ ನೋಡಬೇಕು. ಬಾಣದ ಗುರುತು ಕೆಗ್ ಕಡೆಗೆ ಇರಬೇಕು. ಉಲ್ಟಾ ಹಾಕಿದರೆ ಗ್ಯಾಸೇ ಬರಲ್ಲ.

ವಾಲ್ವ್ ಯಾವುದೇ ಇರಲಿ, ಒಂದು ಮಾತು ಮರೆಯಬೇಡಿ. ಅದು ಬಂದ ಮೇಲೆ ರೆಗ್ಯುಲೇಟರ್ ಇಳಿಸಿದರೂ ಕೆಗ್ಗಿನ ಒತ್ತಡ ಇಳಿಯಲ್ಲ, ಗೇಜೂ ಕೆಗ್ಗಿನ ಒತ್ತಡ ತೋರಿಸಲ್ಲ. ಮುಚ್ಚಳದ ಉಂಗುರ ಎಳೆದೇ ಗ್ಯಾಸ್ ಹೊರಬಿಡಬೇಕು.

ಈಗ ಎರಡೂ ವಾಲ್ವ್ ಇಟ್ಟಿದ್ದೇನೆ. ಕೆಗ್ 18 ಲೀಟರಿಗೇ ನಿಲ್ಲಿಸುತ್ತೇನೆ, ನಳಿಕೆಯ ತುದಿ ಮುಳುಗಬಾರದು ಅಂತ.